ತಲೆ ಎತ್ತುವ ಹೊತ್ತು

"ಕೋಲೂರಿನ ಸಮಸ್ತ ಪ್ರಜೆಗಳು ಕೇಳಬೇಕು. ಮಹಾರಾಜ ಉದ್ದಂಡರಾಯರ ಚೆಂಡುಮಣೆಯ ಮುಂದೆ ನಿಂತು ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ತಲೆದಂಡ."

ಡಂಗುರದವನು ಓಣಿ ಓಣಿ ಸಾರಿದ. ಬೇಡಿದ್ದು ಸಿಗುತ್ತದೆ ಎಂದು ಕೇಳಿದವರಿಗೆ ತಲೆದಂಡದ ಮಾತು ಕಿವಿಗೆ ಬೀಳಲೇ ಇಲ್ಲ. ಆಸೆಗೆ ಇರುವುದು ಒಂದೇ ಕಿವಿ.

ಚೆಂಡುಮಣೆ ಎಂದರೆ ದೊರೆಯ ಹುಚ್ಚು. ಮಂಚದಷ್ಟು ಅಗಲದ ನುಣ್ಣನೆಯ ಕಲ್ಲು, ಸುತ್ತಲೂ ಮರದ ಅಂಚು, ಮೂಲೆಗಳಲ್ಲಿ ಗುಳಿ. ಕೋಲಿನಿಂದ ಬಿಳಿ ಚೆಂಡನ್ನು ತಿವಿದು, ಅದು ಹೋಗಿ ಕೆಂಪು ಚೆಂಡನ್ನು ಗುಳಿಗೆ ಕೆಡವಬೇಕು. ಈ ಆಟದಲ್ಲಿ ದೊರೆಯನ್ನು ಯಾರೂ ಸೋಲಿಸಿರಲಿಲ್ಲ. ಸೋಲಿಸುವಂಥವರನ್ನು ಅವನು ಮಣೆಯ ಹತ್ತಿರ ಬಿಟ್ಟುಕೊಂಡೂ ಇರಲಿಲ್ಲ.

ಮೊದಲ ಒಗಟು ಹೀಗಿತ್ತು: "ಇರುವುದಕ್ಕೆ ಗುರಿ ಇಟ್ಟವನಿಗೆ ಇರುವುದು ದಕ್ಕದು. ಇಲ್ಲದ್ದಕ್ಕೆ ಗುರಿ ಇಟ್ಟರೆ ಇರುವುದು ತಾನಾಗಿ ಮನೆ ಸೇರುತ್ತದೆ. ಆ ಇಲ್ಲದ್ದು ಯಾವುದು?"

ಪಕ್ಕದ ಸೀಮೆಯ ರಾಜಕುಮಾರ ಕಣ್ಣು ಮುಚ್ಚಿ "ಮಾಯೆ" ಎಂದ. ಪುರಾಣದ ಶಾಸ್ತ್ರಿಗಳು "ಪರಬ್ರಹ್ಮ" ಎಂದರು. ದೊಡ್ಡವರ ಒಗಟಿಗೆ ದೊಡ್ಡ ಉತ್ತರವೇ ಬೇಕೆಂದು ಎಲ್ಲರೂ ಆಕಾಶ ನೋಡಿದರೇ ಹೊರತು, ಎದುರಿಗೆ ಬಿದ್ದಿದ್ದ ಚೆಂಡನ್ನು ಯಾರೂ ನೋಡಲಿಲ್ಲ. ಇಬ್ಬರೂ ಸೆರೆಮನೆ ಸೇರಿದರು.

ಮೂರನೆಯವನು ಚುರುಮುರಿ ಭಟ್ಟಿಯ ಬರಮಪ್ಪ. ಭಟ್ಟಿಯ ಹಿಂದಿನ ಗೋಡೆಗೆ ಗಜ್ಜುಗ ಹೊಡೆದು, ಅದು ಪುಟಿದು ಗುಳಿಗೆ ಬೀಳುವಂತೆ ಆಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆ ಆಟವನ್ನು ತಂಗಿ ಕಲ್ಲವ್ವನಿಗೂ ಅವನೇ ಕಲಿಸಿದ್ದ. ಉತ್ತರ ಅವನ ಕೈಗೆ ಗೊತ್ತಿತ್ತು. ಆದರೆ ದೊರೆಯೆದುರು ಬಗ್ಗಿದ ತಲೆ ಮೇಲೇಳಲಿಲ್ಲ. "ಅದು ದೊರೆಗಳ ಕೃಪಾ ರೀ" ಎಂದುಬಿಟ್ಟ. ಅಮಾವಾಸ್ಯೆಗೆ ಮೂರೂ ತಲೆ ಹಾರಬೇಕೆಂದು ಅಪ್ಪಣೆಯಾಯಿತು.

ಸುದ್ದಿ ಕೇಳಿದಾಗ ಕಲ್ಲವ್ವ ಚುರುಮುರಿ ಹುರಿಯುತ್ತಿದ್ದಳು. ಹೊಟ್ಟೆಯ ಉರಿ ಒಲೆಯ ಉರಿಯನ್ನು ಮೀರಿತು. ಅಣ್ಣನ ಮೇಲೂ ಸಿಟ್ಟು ಬಂತು, ದೊರೆಯ ಮೇಲೂ ಬಂತು. ಕೈಯ ಮಸಿಯನ್ನೂ ತೊಳೆಯದೆ ನೇರ ಅರಮನೆಗೆ ನಡೆದಳು.

"ಕೈಮುಗಿದು ತಲೆ ತಗ್ಗಿಸು" ಎಂದು ಬಾಗಿಲ ಭಟ ಗದರಿದ.

"ಕೈ ಮುಗೀತೀನಿ. ತಲಿ ವಿಚಾರ ಆಮ್ಯಾಲ ನೋಡೂಣು" ಎಂದಳು.

ಬರಮಪ್ಪನ ತಂಗಿ ಎಂದು ಭಟ ಹೇಳಿದ್ದನ್ನು ಕೇಳಿ ದೊರೆ ನಕ್ಕ. "ನಿನ್ನ ಅಣ್ಣನಿಗೇ ಬಾಯಿ ಬರಲಿಲ್ಲ. ನಿನ್ನ ತಲೆಯನ್ನೂ ಯಾಕೆ ಕಳಕೊಳ್ಳುತ್ತೀ ಹುಡುಗಿ?"

"ಕಳಕೊಳ್ಳಾಕ ಬಂದಿಲ್ರಿ. ತಗೊಂಡು ಹೋಗಾಕ ಬಂದೀನಿ."

ಕಲ್ಲವ್ವ ಮಣೆಯ ಹತ್ತಿರ ಹೋಗಿ, ಮೊದಲ ಒಗಟಿಗೆ ಉತ್ತರವಾಗಿ ಕೆಂಪು ಚೆಂಡನ್ನು ಗುಳಿಯಿಂದ ದೂರ ಇಟ್ಟಳು. ಅದರ ಬೆನ್ನಿಗೆ, ಗುಳಿಯ ನೇರಕ್ಕೆ, ಇನ್ನೊಂದು ಚೆಂಡನ್ನು ತಾಗಿಸಿಟ್ಟು, ಮತ್ತೆ ಅದನ್ನು ಎತ್ತಿಬಿಟ್ಟಳು. "ಈಗ ಇಲ್ಲಿ ಚೆಂಡಿಲ್ಲ. ಆದ್ರ ನನ್ನ ಕಣ್ಣಿಗೆ ಐತಿ. ಓರೆಯಿಂದ ಹೊಡಿಯೂವಾಗ ಕೆಂಪು ಚೆಂಡಿಗೆ ಗುರಿ ಇಟ್ರ ಅದು ಅಡ್ಡಾದಿಡ್ಡಿ ಹೋಗ್ತದ. ಈ ಇಲ್ಲದ ಚೆಂಡಿನ ಜಾಗದಾಗ ಬಿಳಿ ಚೆಂಡು ಹೋಗಿ ಕುಂತ್ರ ಸಾಕು, ಕೆಂಪು ಮನಿ ಸೇರ್ತದ. ನಿಮ್ಮ ಇಲ್ಲದ್ದು ಇದ ನೋಡ್ರಿ."

ತಿವಿದಳು. ಕೆಂಪು ಚೆಂಡು ಗುಳಿಗೆ ಬಿತ್ತು. ಸಭೆಯಲ್ಲಿ ಗುಸುಗುಸು ಎದ್ದಿತು.

ದೊರೆಯ ನಗು ಸಣ್ಣದಾಯಿತು. ಕೆಂಪು ಚೆಂಡನ್ನು ಗುಳಿಯಿಂದ ತೆಗೆದು ಮಣೆಯ ಮೇಲಿಟ್ಟು, ಅದಕ್ಕೂ ಗುಳಿಗೂ ನಡುವೆ ಕರಿಯ ಚೆಂಡೊಂದನ್ನು ತಾನೇ ಇಟ್ಟು ಎರಡನೆಯ ಒಗಟು ಕೇಳಿದ. "ಮನೆಯ ದಾರಿ ಕಟ್ಟಿದೆ. ಗೋಡೆಯಾಚೆ ಇನ್ನೊಂದು ಮನೆಯಿದೆ. ಅಲ್ಲಿಗೆಂದು ಹೊರಟವನು ತನ್ನ ಮನೆಯಲ್ಲೇ ಇಳಿಯುತ್ತಾನೆ. ಆ ಮನೆ ಯಾರದು?"

"ಒಂದು ಕನ್ನಡಿ ಕೊಡಸ್ರಿ" ಎಂದಳು ಕಲ್ಲವ್ವ.

ಅಂತಃಪುರದಿಂದ ಕನ್ನಡಿ ಬಂತು. ಎದುರಿನ ಅಂಚಿನ ಮೇಲೆ ಅದನ್ನು ನಿಲ್ಲಿಸಿದಳು. ಕನ್ನಡಿಯೊಳಗೂ ಒಂದು ಗುಳಿ ಕಂಡಿತು. "ಆಚಿ ಮನಿ ಇದ ರೀ. ಯಾರದೂ ಅಲ್ಲ, ನಮ್ಮ ಮನೀದ ನೆರಳು. ಅದಕ್ಕ ನೇರ ಹೊಡದ್ರ, ಚೆಂಡು ಅಂಚಿಗೆ ಬಡದು ತಿರುಗಿ ಖರೇ ಗುಳಿಗೆ ಬರ್ತದ." ಕೆಂಪು ಚೆಂಡೂ ಕನ್ನಡಿಯ ಗುಳಿಯೂ ಒಂದೇ ಗೆರೆಗೆ ಬರುವ ಕಡೆ ಬಿಳಿ ಚೆಂಡನ್ನಿಟ್ಟು, ಅದರ ಹಿಂದೆ ಹೋಗಿ ನಿಂತಳು. ಕನ್ನಡಿ ತೆಗೆಸಿದಳು. ಜಾಗ ಅವಳ ಕಣ್ಣಲ್ಲಿ ಉಳಿದಿತ್ತು. ತಿವಿದಳು. ಕೆಂಪು ಚೆಂಡು ಅಂಚಿಗೆ ಬಡಿದು, ಕರಿಯ ಚೆಂಡನ್ನು ತಪ್ಪಿಸಿ ಬಂದು ಗುಳಿಗೆ ಇಳಿಯಿತು.

ಈಗ ದೊರೆ ನಗಲಿಲ್ಲ. ತಲೆ ಹಾರಿಸುವ ಕತ್ತಿಯವನನ್ನು ಕರೆಸಿ ಅವಳ ಬೆನ್ನ ಹಿಂದೆ ನಿಲ್ಲಿಸಿದ. "ತಲೆ ತಗ್ಗಿಸಬೇಕಾದ್ದು ಯಾವುದರ ಮುಂದೆ? ಎತ್ತಬೇಕಾದ್ದು ಯಾವಾಗ? ಹೇಳು."

"ದೊರೆಗಳ ಮುಂದೆ ಅನ್ನು, ಬದುಕಿಕೋ" ಎಂದು ಮಂತ್ರಿ ಮೆಲ್ಲಗೆ ಪಿಸುಗುಟ್ಟಿದ.

ಕಲ್ಲವ್ವನಿಗೆ ಹೆದರಿಕೆಯಾಯಿತು. ಉತ್ತರವನ್ನು ಆಡಿಯೇ ತೋರಿಸಲು ಕೆಂಪು ಚೆಂಡನ್ನು ಮತ್ತೆ ಮಣೆಯ ಮೇಲಿಟ್ಟಳು. ಕೋಲು ಹಿಡಿದು ಬಗ್ಗಿದರೆ ಕುತ್ತಿಗೆ ನೇರ ಕತ್ತಿಯ ಕೆಳಗೆ ಬರುತ್ತಿತ್ತು. ಆದರೂ ಬಗ್ಗಿದಳು. ಗದ್ದ ಕೋಲಿಗೆ ತಾಗುವಷ್ಟು ಬಗ್ಗಿದಳು. ಹಿಂದೆ ಕತ್ತಿ ಒರೆಯಿಂದ ಸರ್ರನೆ ಹೊರಬಂದ ಸದ್ದಾಯಿತು. ಅವಳು ತಿರುಗಲಿಲ್ಲ. ತಿವಿದಳು. ಚೆಂಡು ಉರುಳುತ್ತ ಹೋಯಿತು. ತಲೆ ಹಾಗೇ ಇತ್ತು. ಟಕ್ಕೆಂದು ಚೆಂಡು ಗುಳಿಗೆ ಬಿದ್ದ ಮೇಲೆ ನಿಧಾನವಾಗಿ ನೆಟ್ಟಗೆ ನಿಂತು ದೊರೆಯ ಕಣ್ಣಲ್ಲಿ ಕಣ್ಣಿಟ್ಟಳು.

"ತಲಿ ತಗ್ಗಿಸಬೇಕಾದ್ದು ಗುರಿ ಮುಂದ. ಚೆಂಡು ಏನಾತು ಅಂತ ನೋಡೂ ಅವಸರಕ್ಕ ನಡುವ ತಲಿ ಎತ್ತಿದ್ರ ಕೋಲು ಅಲಗಾಡ್ತದ, ಗುರಿ ತಪ್ತದ. ಚೆಂಡು ಬಿದ್ದ ಮ್ಯಾಲ ಎತ್ತಬೇಕು. ಆಮ್ಯಾಲ ಯಾರ ಮುಂದನೂ ತಗ್ಗಿಸಬೇಕಾಗಿಲ್ರಿ, ನಿಮ್ಮ ಮುಂದನೂ."

ಉದ್ದಂಡರಾಯ ದೊರೆಯಾಗುವ ಮೊದಲೇ ಆಟಗಾರ. ದೊರೆ ಬಾಯಿ ತೆರೆಯುವ ಮುಂಚೆ ಆಟಗಾರ ಬಾಯಿಬಿಟ್ಟ: "ಹೌದು. ಸರಿಯಾದ ಉತ್ತರ." ಆಡಿದ ಮಾತು ಹಿಂದಕ್ಕೆ ಬರಲಿಲ್ಲ. "ಏನು ಬೇಕು, ಬೇಡು."

"ಸೆರಿಮನ್ಯಾಗ ಇರೂ ಅಷ್ಟೂ ತಲಿ ಬೇಕ್ರಿ. ನಮ್ಮಣ್ಣಂದು ಒಂದ ಅಲ್ಲ. ಇನ್ನ ಮುಂದ ಈ ಮಣಿ ಮ್ಯಾಲ ಚೆಂಡು ಸೋಲಲಿ, ತಲಿ ಸೋಲೂದು ಬ್ಯಾಡ."

ದೊರೆ ಕತ್ತಿಯವನಿಗೆ ಹೊರಗೆ ಹೋಗಲು ಸನ್ನೆ ಮಾಡಿ, ತನ್ನ ಕೋಲನ್ನು ತಂದು ಅವಳ ಕೈಗೆ ಕೊಟ್ಟ.

ಸೆರೆಮನೆಯ ಬಾಗಿಲು ತೆರೆಯಿತು. ರಾಜಕುಮಾರ ಓಡಿದ, ಶಾಸ್ತ್ರಿಗಳು ಪಂಚೆ ಎತ್ತಿಕಟ್ಟಿ ಅವನ ಹಿಂದೆಯೇ ಓಡಿದರು. ಬರಮಪ್ಪ ಮಾತ್ರ ನೆಲ ನೋಡುತ್ತ ಹೊಸ್ತಿಲಲ್ಲೇ ನಿಂತ. ತಂಗಿಯ ಮುಖ ನೋಡಲು ಅವನಿಗೆ ನಾಚಿಕೆಯಾಗಿತ್ತು.

ಕಲ್ಲವ್ವ ಮಸಿ ಹತ್ತಿದ ಕೈಯಿಂದ ಅವನ ಗದ್ದ ಹಿಡಿದಳು.

"ಚೆಂಡು ಬಿತ್ತು ಯಣ್ಣಾ" ಎಂದಳು. "ಇನ್ನ ತಲಿ ಎತ್ತು."