ವಾರಿಜೆಗೆ ಇಲ್ಲದ ಅನುಮತಿ

"ಗುರುಗಳೇ, ಒಂದೇ ಮನೆಯವರಂತೆ ಬಾಳುವವರ ನಡುವೆ ಬೀಗ ಹಾಕುವುದು ಸರಿಯೇ?"

ಕೇಳಿದವನು ಮಲ್ಲಿನಾಥ, ಆಶ್ರಮದ ಆಸ್ಪತ್ರೆಯ ಕಂಪ್ಯೂಟರನ್ನು ನೋಡಿಕೊಳ್ಳುವ ಶಿಷ್ಯ. ರೋಗಿಗಳ ವಿವರವೆಲ್ಲ ಒಂದೇ ಡೇಟಾಬೇಸಿನಲ್ಲಿತ್ತು. ಯಾರು ಏನನ್ನು ನೋಡಬಹುದು ಎಂದು ಅವನು ಗೊತ್ತುಮಾಡಿ, ಎಲ್ಲರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟಿದ್ದ. ಜೊತೆಯವರು ಮುನಿಸಿಕೊಂಡಿದ್ದರು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ನೊಂದ ಹೆಂಗಸರಿಗೆ ಆಸರೆ ಕೊಡುವ ಮನೆಯಿತ್ತು. ಗಂಡನ ಹೊಡೆತ ತಾಳಲಾರದೆ ಬಂದವರನ್ನು ಕೆಲವು ದಿನ ಅಲ್ಲಿಟ್ಟುಕೊಂಡು, ಆಮೇಲೆ ಯಾರಿಗೂ ತಿಳಿಯದಂತೆ ಬೇರೆ ಊರಿಗೆ ಕಳಿಸುತ್ತಿದ್ದರು. ಹೋದವರ ವಿಳಾಸ ಕಚೇರಿಯ ಡೇಟಾಬೇಸಿನಲ್ಲಿರುತ್ತಿತ್ತು. ಕೆಲಸದವರೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಒತ್ತಿ ಅದನ್ನು ತೆರೆಯುತ್ತಿದ್ದರು.

ವಾರಿಜಾ ಎಂಬವಳು ಆ ಕಚೇರಿಗೆ ಬಂದಳು. ಕಂಪ್ಯೂಟರಿನಲ್ಲಿ ಪಳಗಿದವಳು. ಎಲ್ಲರೂ ಬಳಸುತ್ತಿದ್ದ ಹೆಸರನ್ನು ಮುಚ್ಚಿ, ಒಬ್ಬೊಬ್ಬರಿಗೂ ಒಂದೊಂದು ಹೆಸರು ಮಾಡಿದಳು. ಅಡುಗೆಯವರಿಗೆ ಎಷ್ಟು ಜನ ಉಣ್ಣುವರೆಂಬುದು ಕಾಣುತ್ತಿತ್ತು. ವೈದ್ಯರಿಗೆ ಗಾಯದ ವಿವರ ಕಾಣುತ್ತಿತ್ತು. ವಿಳಾಸ ಮಾತ್ರ, ಆ ಹೆಂಗಸರನ್ನು ಕರೆದೊಯ್ದು ಬಿಟ್ಟುಬರುತ್ತಿದ್ದ ಜೈನಾಬಿ ಎಂಬ ಹಿರಿಯಾಕೆಯೊಬ್ಬಳಿಗೇ ಕಾಣುತ್ತಿತ್ತು.

ಮನೆಯ ಮುಖ್ಯಸ್ಥೆಗೆ ನೋವಾಯಿತು. "ಇದನ್ನು ಕಟ್ಟಿದವಳು ನಾನು. ನನ್ನನ್ನೂ ನಂಬುವುದಿಲ್ಲವೇನಮ್ಮ?" ಎಂದರು.

"ನಿಮಗೆ ಕಾಣದ್ದು ನನಗೂ ಕಾಣುವುದಿಲ್ಲ, ಅಮ್ಮ," ಎಂದಳು ವಾರಿಜಾ.

ಅನುಮತಿ ಕೊಡುವ, ಕಸಿಯುವ ಅಧಿಕಾರ ಏರ್ಪಾಟು ಮಾಡಿದವರ ಕೈಯಲ್ಲೇ ಉಳಿಯುವುದು ವಾಡಿಕೆ. ಅವಳು ಅದನ್ನೂ ಜೈನಾಬಿಗೆ ಬಿಟ್ಟುಕೊಟ್ಟಳು. ಜೈನಾಬಿ ಹೊಸ ಪಾಸ್‌ವರ್ಡ್ ಒತ್ತುವಾಗ ವಾರಿಜಾ ಗೋಡೆಯ ಕಡೆ ತಿರುಗಿ ನಿಂತಳು.

ಮರುವರ್ಷ ಆ ಮನೆಯ ಬಾಗಿಲಿಗೆ ವಾರಿಜೆಯ ಸ್ವಂತ ಅತ್ತಿಗೆಯೇ ಬಂದಳು. ಅಣ್ಣನ ಹೊಡೆತಕ್ಕೆ ಮುಂಗೈ ಮುರಿದಿತ್ತು. ವಾರಿಜಾ ಅವಳನ್ನು ತಬ್ಬಿಕೊಂಡು ಅತ್ತಳು. ಕೈ ಕೂಡಿಕೊಂಡ ಮೇಲೆ ಜೈನಾಬಿ ಅತ್ತಿಗೆಯನ್ನು ಕರೆದುಕೊಂಡು ಹೊರಟಳು. ಎಲ್ಲಿಗೆಂದು ವಾರಿಜಾ ಕೇಳಲಿಲ್ಲ.

ಸುದ್ದಿ ಹಿಡಿದು ಅಣ್ಣ ಬಂದ. ತಂದೆಯಿಲ್ಲದ ವಾರಿಜೆಯನ್ನು ಓದಿಸಿ ಬೆಳೆಸಿದವನು ಅವನೇ. ಕಚೇರಿಯಲ್ಲಿ ಕುಳಿತು ಮಗುವಿನಂತೆ ಅತ್ತ. "ಅವಳ ಕಾಲು ಹಿಡಿದು ಕರೆತರುತ್ತೇನೆ. ಎಲ್ಲಿದ್ದಾಳೆ, ಹೇಳು ವಾರಿ."

ಅವನ ಕಣ್ಣೀರು ನಿಜವಾದದ್ದು. ಹಿಂದೆಯೂ ಅವನು ಹೀಗೆ ಅತ್ತಿದ್ದ. ಆಗಲೂ ಅದು ನಿಜವಾಗಿತ್ತು; ಆಮೇಲೆ ಮತ್ತೆ ಹೊಡೆದಿದ್ದ. ಇಷ್ಟೆಲ್ಲ ಗೊತ್ತಿದ್ದೂ ವಾರಿಜೆಯ ಮನಸ್ಸು ಸೋತಿತು. ಕಂಪ್ಯೂಟರಿನ ಮುಂದೆ ಕುಳಿತು ತನ್ನ ಹೆಸರು ಒತ್ತಿದಳು, ಪಾಸ್‌ವರ್ಡ್ ಒತ್ತಿದಳು, ಅತ್ತಿಗೆಯ ವಿಳಾಸ ಕೇಳಿದಳು. ನಿಮಗೆ ಅನುಮತಿ ಇಲ್ಲ ಎಂದು ತೆರೆಯ ಮೇಲೆ ಬಂತು.

"ಇದನ್ನು ಮಾಡಿದವಳು ನೀನೇ ಅಲ್ಲವೇ?" ಎಂದ ಅಣ್ಣ.

"ನಾನೇ, ಅಣ್ಣ. ನೀನು ಬರುತ್ತೀ ಎಂದು ಗೊತ್ತಿರಲಿಲ್ಲ. ಯಾರಾದರೂ ಬಂದು ಅತ್ತರೆ ನಾನು ಕರಗಿಬಿಡುತ್ತೇನೆ ಎಂಬುದು ಗೊತ್ತಿತ್ತು."

ಅಣ್ಣನ ಅಳು ನಿಂತಿತು. ಮೇಜನ್ನು ಗುದ್ದಿದ, ಕುರ್ಚಿಯನ್ನು ಒದ್ದ, ಅವಳ ಮೇಲೆ ಕೈ ಎತ್ತಿದ. ಹೊರಗಿದ್ದವರು ಓಡಿಬಂದು ಅವನನ್ನು ಹಿಡಿದುಕೊಂಡರು.

ಅತ್ತಿಗೆ ದೂರದ ಊರಿನ ಶಿಶುವಿಹಾರದಲ್ಲಿ ಕೆಲಸ ಹಿಡಿದು ನೆಮ್ಮದಿಯಾಗಿ ಬದುಕಿದಳು. ಕೆಲವು ವರ್ಷಗಳಾದ ಮೇಲೆ ತಾನಾಗಿಯೇ ಬಂದು, ವಾರಿಜೆಯ ಎದುರು ಕುಳಿತು, ತನ್ನ ವಿಳಾಸವನ್ನು ಬಾಯಾರೆ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥನ ಮುಖ ಅರಳಿತ್ತು.

"ಎಂಥ ಹೆಣ್ಣುಮಗಳು! ಜೊತೆಯವರಿಗೆ ಇದನ್ನೇ ಹೇಳುತ್ತೇನೆ," ಎಂದು ಎದ್ದ.

"ಹೇಳು. ಆಸ್ಪತ್ರೆಯ ಡೇಟಾಬೇಸಿನಲ್ಲಿ ನಿನ್ನ ಹೆಸರಿಗೆ ತೆರೆಯದ್ದು ಏನಿದೆ ಎಂದು ಅವರು ಕೇಳುತ್ತಾರೆ," ಎಂದರು ಗುರುಗಳು.

ಅಲ್ಲಿ ಅವನಿಗೆ ತೆರೆಯದ್ದು ಏನೂ ಇರಲಿಲ್ಲ. ಎದ್ದಿದ್ದ ಮಲ್ಲಿನಾಥ ಮತ್ತೆ ಕುಳಿತ.