ಪೂರ್ವದಲ್ಲಿ ಮುಳುಗಿದ ಸೂರ್ಯ

"ದಿಕ್ಕು, ಭ್ರಮೆ ಎರಡೂ ಸೇರಿ ದಿಗ್ಭ್ರಮೆಯಾಯಿತು. ಹಾಗಾದರೆ ದಿಕ್ಕು ತಿಳಿಯದಿರುವುದೇ ದಿಗ್ಭ್ರಮೆಯೇ, ಗುರುಗಳೇ?" ಎಂದು ನಿಜಗುಣನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಭ್ರಮೆಗೆ ಸುತ್ತುವುದು ಎಂಬ ಅರ್ಥವೂ ಇದೆ. ಕೇಳು.

ಒಬ್ಬ ಕಂಬಳಿ ವ್ಯಾಪಾರಿ ಸಂತೆ ಮುಗಿಸಿ ಊರಿಗೆ ಹೊರಟಿದ್ದ. ನಡು ಬಯಲಿನಲ್ಲಿ ಸುಂಟರಗಾಳಿ ಅವನನ್ನು ಸುತ್ತಿಕೊಂಡಿತು. ಕಣ್ಣು ಮುಚ್ಚಿ ನಿಂತ. ಗಾಳಿ ಹೋದ ಮೇಲೆ ಕಣ್ಣು ತೆರೆದರೆ ಕಾಲುದಾರಿ ಎದುರಿಗೇ ಇತ್ತು. ಅದನ್ನೇ ಹಿಡಿದು ಸಂಜೆಗೆ ಊರು ಸೇರಿದ.

ಮನೆ ಅವನದೇ. ಆದರೆ ಪೂರ್ವಕ್ಕಿರಬೇಕಾದ ಬಾಗಿಲು ಪಶ್ಚಿಮಕ್ಕಿತ್ತು. ಹೆಂಡತಿ ಕಾಲಿಗೆ ನೀರು ತಂದಳು.

'ತಾಯಿ, ನೀವು ಯಾರೋ ಕಾಣೆ. ನನ್ನ ಮನೆಯ ಬಾಗಿಲು ಪೂರ್ವಕ್ಕಿದೆ' ಎಂದ.

ಅವಳು ಚೆಂಬು ಕೆಳಗಿಟ್ಟು ಮನೆಯ ಹಿಂದಕ್ಕೆ ಕೈ ತೋರಿದಳು. 'ಇದೇ ಪೂರ್ವ ಅಲ್ಲವೇ? ನೋಡಿ, ಸೂರ್ಯ ಮನೆಯ ಹಿಂದೆ ಮುಳುಗುತ್ತಿದ್ದಾನೆ. ಒಳಗೆ ಬನ್ನಿ.'

ವ್ಯಾಪಾರಿ ನೋಡಿದ. ಇದು ಸೂರ್ಯನೂ ಪೂರ್ವದಲ್ಲಿ ಮುಳುಗುವ ಊರು ಎಂದುಕೊಂಡ. ಗಂಟು ಹೊತ್ತು ಬೇಗ ಬೇಗ ನಡೆದುಬಿಟ್ಟ.

ಬಹಳ ದಿನ ಅಲೆದು ಒಂದು ಊರಿಗೆ ಬಂದ. ಅದೇ ಕೆರೆ, ಅದೇ ಓಣಿ, ಅದೇ ಮನೆ. ಬಾಗಿಲು ಮಾತ್ರ ಪಶ್ಚಿಮಕ್ಕೆ. ನೀರು ತಂದವಳ ಮುಖವೂ ಅದೇ. ಆಗಲೂ ಅವನು ತಾಯಿ ಎಂದೇ ಕರೆದ. ಅವಳು ಅತ್ತಳು. ನೆರೆಯವರು ಕೈ ಹಿಡಿದು ನಿಲ್ಲಿಸಿದರು. ಕೊಸರಿಕೊಂಡು ಹೋದ.

ಹೀಗೆ ಎಷ್ಟೋ ಸಲ. ಒಮ್ಮೆ ಬಂದಾಗ ಅವಳ ತಲೆ ಪೂರ್ತಿ ನೆರೆತಿತ್ತು. ಈ ಊರುಗಳ ಹೆಂಗಸರೆಲ್ಲ ಒಂದೇ ತರಹ ಇರುತ್ತಾರೆ, ಬೇಗ ಮುದುಕಿಯರಾಗುತ್ತಾರೆ ಎಂದುಕೊಂಡ.

ಕೊನೆಗೆ ಬಂದಾಗ ಬಾಗಿಲಿಗೆ ಬೀಗವಿತ್ತು. 'ಗಂಡನ ದಾರಿ ಕಾಯುತ್ತಲೇ ತೀರಿಕೊಂಡಳು' ಎಂದರು ನೆರೆಯವರು. ಯಾರೂ ಅವನ ಮುಖ ನೋಡಲಿಲ್ಲ.

'ಪಾಪ, ಯಾರ ಹೆಂಡತಿಯೋ' ಎಂದ ವ್ಯಾಪಾರಿ. ಗಂಟಿನಿಂದ ಒಳ್ಳೆಯ ಕಂಬಳಿಯೊಂದನ್ನು ತೆಗೆದು ಹೊಸ್ತಿಲ ಮೇಲೆ ಹೊದಿಸಿದ. ತನ್ನ ಹೆಂಡತಿ ಕಾಯುತ್ತಿರುತ್ತಾಳೆಂದು ಅವಸರವಾಗಿ ಹೊರಟ."

ನಿಜಗುಣ ಕೇಳಿದ: "ಅಷ್ಟು ವರ್ಷಗಳಲ್ಲಿ ಅವನು ಒಬ್ಬರನ್ನಾದರೂ ದಾರಿ ಕೇಳಬಾರದಿತ್ತೇ, ಗುರುಗಳೇ?"

"ದಿಕ್ಕು ತಿಳಿಯದವನಾಗಿದ್ದರೆ ಕೇಳುತ್ತಿದ್ದ" ಎಂದರು ಗುರುಗಳು.