ವಟ್ಟ ಕೊಡದ ವರ್ತಕ

“ಹೊರದೇಶಕ್ಕೆ ತಿರುಗಾಡಲು ಹೋಗುವವನು ದುಡ್ಡನ್ನು ಹೇಗೆ ಬದಲಿಸಿಕೊಂಡರೆ, ಹೇಗೆ ಖರ್ಚು ಮಾಡಿದರೆ ಎಲ್ಲಕ್ಕಿಂತ ಅಗ್ಗವಾಗುತ್ತದೆ, ಗುರುಗಳೇ?”

ಕೇಳಿದವನು ಮುರಿಗೆಪ್ಪ. ಪೇಟೆಯಲ್ಲಿ ಅವನದು ಪಾತ್ರೆ ಅಂಗಡಿ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರದೇಶಕ್ಕೆ ಹೊರಟಿದ್ದ. ಹೊರಡುವ ಮೊದಲು ಮರುಳಯ್ಯ ಗುರುಗಳ ಆಶೀರ್ವಾದ ಪಡೆಯಲು ಮಠಕ್ಕೆ ಬಂದಿದ್ದ. ಆಶೀರ್ವಾದ ಸಿಕ್ಕ ಮೇಲೂ ಏಳದೆ ಕುಳಿತು ಈ ಪ್ರಶ್ನೆ ಕೇಳಿದ.

“ಇದಕ್ಕೆ ನಾನೇ ಬೇಕಾಯಿತೇ?” ಎಂದರು ಗುರುಗಳು.

“ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬ್ಯಾಂಕಿನವರ ದರ ಒಂದು, ವಿಮಾನ ನಿಲ್ದಾಣದಲ್ಲಿ ಕುಳಿತವರ ದರ ಇನ್ನೊಂದು. ಕಾರ್ಡು ತೆಗೆದುಕೊಂಡರೆ ಉಜ್ಜಿದಾಗಲೆಲ್ಲ ಕಡಿತ. ಅದಕ್ಕೇ ನಾನೊಂದು ಉಪಾಯ ಮಾಡಿದ್ದೇನೆ. ದೊಡ್ಡ ಖರ್ಚನ್ನೆಲ್ಲ ಇಲ್ಲಿಂದಲೇ ಕಟ್ಟಿಬಿಡುತ್ತೇನೆ. ಅಲ್ಲಿ ಚೀಲ ಹೊರುವವರಿಗೆ, ಕೋಣೆ ಗುಡಿಸುವವರಿಗೆ ನಮ್ಮ ರೂಪಾಯಿ ನೋಟನ್ನೇ ಕೊಡುತ್ತೇನೆ. ಅಂಥವರು ಏನು ಕೊಟ್ಟರೂ ಮಾತಾಡದೆ ತೆಗೆದುಕೊಳ್ಳುತ್ತಾರಂತೆ. ಹೇಗಿದೆ?”

ಗುರುಗಳ ಮುಖ ಬಿಗಿಯಿತು. “ಒಬ್ಬ ವರ್ತಕನ ಕತೆ ಹೇಳುತ್ತೇನೆ, ಕೇಳು” ಎಂದರು. “ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ.”

ಒಬ್ಬ ವರ್ತಕನಿದ್ದ. ಕೈತುಂಬ ಸಂಪಾದಿಸಿದ್ದ. ಅವನ ಹೆಂಡತಿ ಸಮುದ್ರ ನೋಡಿರಲಿಲ್ಲ. ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಒಂದು ವರ್ಷ ವ್ಯಾಪಾರ ಚೆನ್ನಾಗಿ ಕುದುರಿತು. ವರ್ತಕ ಅವಳನ್ನು ಕರೆದುಕೊಂಡು ಹಡಗು ಹತ್ತಿದ. ಸಮುದ್ರದ ಆಚೆ ಒಂದು ದ್ವೀಪ. ಕೆಲವು ದಿನ ಅಲ್ಲಿದ್ದು, ಉಂಡು ತಿಂದು, ಸುತ್ತಾಡಿ ಬರುವುದೆಂದು ಮಾತು. ಅದರಲ್ಲಿ ತಪ್ಪೇನೂ ಇಲ್ಲ. ದುಡಿದವನು ತಿರುಗಾಡಬಾರದೆಂದು ನಾನು ಹೇಳುವುದಿಲ್ಲ.

ವರ್ತಕನ ನಾಡಿನಲ್ಲಿ ಚಲಾವಣೆಯಲ್ಲಿದ್ದದ್ದು ಬೆಳ್ಳಿಯ ನಾಣ್ಯ. ದ್ವೀಪದಲ್ಲಿ ತಾಮ್ರದ ನಾಣ್ಯ. ಒಂದು ಬೆಳ್ಳಿಗೆ ಇಪ್ಪತ್ತು ತಾಮ್ರ. ಬಂದರಿನಲ್ಲಿ ಒಬ್ಬ ಚಿನಿವಾರ ಕುಳಿತಿದ್ದ. ಬೆಳ್ಳಿ ತೆಗೆದುಕೊಂಡು ತಾಮ್ರ ಕೊಡುವುದು ಅವನ ಕಸುಬು. ಇಪ್ಪತ್ತರಲ್ಲಿ ಒಂದನ್ನು ತಾನು ಹಿಡಿದುಕೊಂಡು ಹತ್ತೊಂಬತ್ತು ಕೊಡುತ್ತಿದ್ದ. ಹಾಗೆ ಹಿಡಿದುಕೊಳ್ಳುವುದಕ್ಕೆ ವಟ್ಟ ಎನ್ನುತ್ತಾರೆ. ಅವನ ಪಕ್ಕದಲ್ಲೇ ಇನ್ನೊಬ್ಬ ಚಿನಿವಾರ. ‘ನಮ್ಮಲ್ಲಿ ವಟ್ಟವೇ ಇಲ್ಲ, ಬನ್ನಿ’ ಎಂದು ಕೂಗುತ್ತಿದ್ದ. ವಟ್ಟ ಇರಲಿಲ್ಲ, ನಿಜ. ಆದರೆ ಒಂದು ಬೆಳ್ಳಿಗೆ ಹದಿನೇಳೇ ತಾಮ್ರ ಎಣಿಸಿಕೊಡುತ್ತಿದ್ದ.

ವರ್ತಕ ಇಬ್ಬರ ಮುಂದೆಯೂ ನಿಂತು ಲೆಕ್ಕ ಹಾಕಿದ. ಅವನಿಗೆ ಮೈ ಉರಿಯಿತು. ಅವನ ಸಿಟ್ಟು ನ್ಯಾಯವಾದದ್ದೇ. ಒಬ್ಬ ಕಣ್ಣೆದುರಿಗೇ ಕಿತ್ತುಕೊಳ್ಳುತ್ತಾನೆ, ಇನ್ನೊಬ್ಬ ನಗುನಗುತ್ತ ಟೋಪಿ ಹಾಕುತ್ತಾನೆ. ಬಿಟ್ಟಿ ಎಂದು ಕರೆದು ದೋಚುವವರನ್ನು ಕಂಡರೆ ನನಗೂ ಆಗುವುದಿಲ್ಲ. ಹೊಸಬನಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯ ಅವರಿಗೆ. ಅಂಥ ಧೈರ್ಯಕ್ಕೆ ಬೆಂಕಿ ಹಾಕಬೇಕು. ಇಲ್ಲಿಯ ತನಕ ನಾನು ವರ್ತಕನ ಕಡೆಯವನೇ.

ಈ ಕಳ್ಳರಿಗೆ ಒಂದು ಬಿಡಿಗಾಸೂ ವಟ್ಟ ಕೊಡುವುದಿಲ್ಲ ಎಂದು ವರ್ತಕ ಹಟ ತೊಟ್ಟ.

ಅದು ಅವನಿಗೆ ಕಷ್ಟವೇನೂ ಆಗಲಿಲ್ಲ. ಮುತ್ತಿನ ಅಂಗಡಿಯವನು ಬೆಳ್ಳಿಯನ್ನೇ ತೆಗೆದುಕೊಂಡ. ರೇಷ್ಮೆ ಅಂಗಡಿಯವನೂ ತೆಗೆದುಕೊಂಡ. ಅವರದೆಲ್ಲ ಹಡಗಿನವರೊಡನೆ ವ್ಯಾಪಾರ. ಬೆಳ್ಳಿ ಅವರ ಕೈಯಲ್ಲಿ ದಿನವೂ ಓಡಾಡುತ್ತಿತ್ತು. ಅವನು ಇಳಿದುಕೊಂಡಿದ್ದ ಬಿಡಾರದ ಯಜಮಾನ, ‘ನಿಮಗೆ ತೊಂದರೆ ಬೇಡ, ನಿಮ್ಮ ಬೆಳ್ಳಿಯಲ್ಲೇ ಬೆಲೆ ಹೇಳುತ್ತೇನೆ’ ಎಂದ. ಆ ಉಪಕಾರದಲ್ಲಿ ತನಗೊಂದಿಷ್ಟು ಸೇರಿಸಿಕೊಂಡಿದ್ದ. ವರ್ತಕ ಅದನ್ನೂ ಹಿಡಿದ. ಬೆಲೆಯನ್ನು ತಾಮ್ರದಲ್ಲಿ ಹೇಳಿಸಿ, ತಾನೇ ಲೆಕ್ಕ ಮಾಡಿ ಬೆಳ್ಳಿ ಕೊಟ್ಟ. ಯಜಮಾನ ಹಲ್ಲು ಕಚ್ಚಿಕೊಂಡು ತೆಗೆದುಕೊಂಡ.

ಜೊತೆಗೆ ಬಂದ ಬೇರೆಯವರು ಚೀಲ ತುಂಬ ತಾಮ್ರ ಮಾಡಿಸಿಕೊಂಡಿದ್ದರು. ಹೊರಡುವಾಗ ಉಳಿದದ್ದನ್ನು ಬೆಳ್ಳಿ ಮಾಡಿಸಲು ಮತ್ತೊಮ್ಮೆ ವಟ್ಟ ತೆರಬೇಕಿತ್ತು. ವರ್ತಕ ಅವರನ್ನು ನೋಡಿ ನಗುತ್ತಿದ್ದ. ಒಮ್ಮೆ ಹೆಂಡತಿ ಎಳನೀರು ಬೇಕೆಂದಳು. ಎಳನೀರಿನವನು ತಾಮ್ರ ಕೇಳುತ್ತಾನೆಂದು, ಬಿಡಾರದ ನೀರೇ ಸಾಕು ಎಂದ. ಎಷ್ಟು ಉಳಿಯಿತೆಂದು ಅವಳಿಗೆ ಆಗಾಗ ಹೇಳುತ್ತಿದ್ದ. ಸಮುದ್ರದ ಎದುರು ನಿಂತಾಗಲೂ ಅದನ್ನೇ ಹೇಳುತ್ತಿದ್ದ. ಅವಳು ಅಲೆ ನೋಡುತ್ತಿದ್ದಳು.

ಆ ಬಿಡಾರದಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ನೀರು ತರುವುದು, ಬಟ್ಟೆ ಒಗೆಯುವುದು ಅವಳ ಕೆಲಸ. ಗಂಡ ತೀರಿಕೊಂಡಿದ್ದ, ಎರಡು ಮಕ್ಕಳಿದ್ದವು. ಯಜಮಾನ ಅವಳಿಗೆ ಸಂಬಳ ಕೊಡುತ್ತಿರಲಿಲ್ಲ. ಬಂದವರು ಹೊರಡುವ ದಿನ ಕೊಡುವ ಕೂಲಿಯಲ್ಲೇ ಅವಳ ಒಲೆ ಉರಿಯಬೇಕು. ಅದು ಅಲ್ಲಿನ ಪದ್ಧತಿ. ಅದೂ ಒಂದು ಅನ್ಯಾಯವೇ, ಇರಲಿ.

ನಡುವೆ ವರ್ತಕನ ಹೆಂಡತಿಗೆ ಜ್ವರ ಬಂತು. ವರ್ತಕ ಮುತ್ತಿನ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದ. ಪಕ್ಕದಲ್ಲಿ ಕುಳಿತು ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಈ ಹೆಂಗಸು. ಗಂಜಿ ಕಾಯಿಸಿ ಕುಡಿಸಿದವಳೂ ಅವಳೇ. ಜ್ವರ ಬಿಡುವ ತನಕ ತನ್ನ ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಅವಳ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವಳಿಗೆ ತಿಳಿಯದು. ಆದರೂ ಜ್ವರದವಳಿಗೆ ಏನು ಬೇಕೆಂದು ಆ ಹೆಂಗಸಿಗೆ ತಿಳಿಯುತ್ತಿತ್ತು.

ಹಡಗು ಹೊರಡುವ ದಿನ ಬಂತು. ಅವಳಿಗೆ ಸಲ್ಲಬೇಕಾದದ್ದು ನಲವತ್ತು ತಾಮ್ರ. ವರ್ತಕ ಚೀಲದಿಂದ ಎರಡು ಬೆಳ್ಳಿ ತೆಗೆದ.

“ಏನೂಂದ್ರೆ, ಅವಳಿಗೆ ತಾಮ್ರದಲ್ಲೇ ಕೊಡಿ” ಎಂದಳು ಹೆಂಡತಿ. “ಬೆಳ್ಳಿ ಇಟ್ಟುಕೊಂಡು ಅವಳೇನು ಮಾಡಬೇಕು? ಚಿನಿವಾರ ಇಲ್ಲೇ ದಾರಿಯಲ್ಲಿದ್ದಾನೆ.”

“ಇಷ್ಟು ದಿನ ಕಾಪಾಡಿಕೊಂಡು ಬಂದದ್ದನ್ನು ಕೊನೆಯ ಗಳಿಗೆಯಲ್ಲಿ ಹಾಳು ಮಾಡಲೇ?” ಎಂದ ವರ್ತಕ. “ಎರಡು ಬೆಳ್ಳಿ ಬದಲಿಸಿದರೆ ಎರಡು ತಾಮ್ರ ಆ ಕಳ್ಳನ ಪಾಲು. ನಾನೇನು ಇವಳಿಗೆ ಕಡಿಮೆ ಕೊಡುತ್ತಿಲ್ಲ. ಬೇಕಾದರೆ ಇವಳೇ ಹೋಗಿ ಬದಲಿಸಿಕೊಳ್ಳಲಿ.”

ಬೇಕಾದರೆ ಅಂತೆ. ನಾವು ಮಾಡಲೊಲ್ಲದ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವಾಗ ನಮ್ಮ ಬಾಯಲ್ಲಿ ಬರುವ ಮಾತು ಇದೇ.

ಹೆಂಗಸು ಅಂಗೈಯ ಮೇಲಿದ್ದ ಎರಡು ಬೆಳ್ಳಿಯನ್ನು ನೋಡಿದಳು. ಮಾತಾಡದೆ ತೆಗೆದುಕೊಂಡಳು. ಮಾತಾಡಿದರೆ ಅದೂ ಸಿಗುವುದಿಲ್ಲವೆಂದು ಅಂಥವರಿಗೆ ಗೊತ್ತಿರುತ್ತದೆ, ಮುರಿಗೆಪ್ಪ. ನಾವು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತೇವೆ.

ಹಡಗು ಹೊರಟಿತು. ಅವಳು ಅಕ್ಕಿ ಅಂಗಡಿಗೆ ಹೋದಳು. ಅಂಗಡಿಯವನು ಬೆಳ್ಳಿಯನ್ನು ಮುಟ್ಟಲಿಲ್ಲ. ಅವನಿಗೆ ಹಡಗಿನವರೊಡನೆ ವ್ಯಾಪಾರವಿಲ್ಲ. ಚಿನಿವಾರನ ಬಳಿಗೆ ಹೋದಳು. ಅವನು ನಾಣ್ಯವನ್ನು ನೋಡುವ ಬದಲು ಅವಳನ್ನು ನೋಡಿದ. ಮಾಸಿದ ಸೀರೆ, ಕೈಯಲ್ಲಿ ಪರದೇಶದ ಬೆಳ್ಳಿ. ಅದೇ ನಾಣ್ಯವನ್ನು ವರ್ತಕ ತಂದಿದ್ದರೆ ಎದ್ದು ನಿಂತು ಕೈಮುಗಿದು ತೆಗೆದುಕೊಳ್ಳುತ್ತಿದ್ದ. ಇವಳು ತಂದದ್ದರಿಂದ, ಕದ್ದ ಬೆಳ್ಳಿ ಎಂದು ಬಂದರಿನ ಕಾವಲುಗಾರನನ್ನು ಕೂಗಿದ.

ಕಾವಲುಗಾರ ಅವಳನ್ನು ಬಿಡಾರಕ್ಕೆ ಎಳೆದುಕೊಂಡು ಬಂದ. ‘ಅವರೇ ಕೊಟ್ಟರು’ ಎಂದಳು. ಯಜಮಾನ ನಕ್ಕುಬಿಟ್ಟ. ಕೆಲಸದವರಿಗೆ ಬೆಳ್ಳಿ ಕೊಟ್ಟವರನ್ನು ತಾನು ಇದುವರೆಗೆ ಕಂಡಿಲ್ಲ ಎಂದ. ತನ್ನ ಹತ್ತಿರವೇ ಒಂದೊಂದು ಕಾಸಿಗೂ ಜಗಳವಾಡಿದ ಮನುಷ್ಯ ಇವಳಿಗೆ ಬೆಳ್ಳಿ ಕೊಡುತ್ತಾನೆಯೇ ಎಂದ. ಜ್ವರ ಬಂದವಳ ಪಕ್ಕದಲ್ಲಿ ಇವಳು ಸುಮ್ಮನೆ ಕುಳಿತಿದ್ದಳೇ, ಕದಿಯಲೆಂದೇ ಅಲ್ಲವೇ ಎಂದೂ ಕೇಳಿದ. ಅವಳು ಮಾಡಿದ ಉಪಚಾರವೇ ಅವಳ ವಿರುದ್ಧ ಸಾಕ್ಷಿಯಾಯಿತು. ಹೌದು, ನಾನೇ ಕೊಟ್ಟೆ ಎನ್ನಬೇಕಾದ ವರ್ತಕ ನಡುಸಮುದ್ರದಲ್ಲಿದ್ದ.

ಎರಡು ಬೆಳ್ಳಿಯನ್ನು ಕಾವಲುಗಾರ ಇಟ್ಟುಕೊಂಡ. ಯಜಮಾನ ಅವಳನ್ನು ಕೆಲಸದಿಂದ ಓಡಿಸಿದ. ದ್ವೀಪ ಚಿಕ್ಕದು, ಸುದ್ದಿ ಎಲ್ಲರಿಗೂ ಮುಟ್ಟಿತು. ಅವಳು ಬೇರೆ ಬಿಡಾರಗಳ ಬಾಗಿಲಿಗೆ ಹೋದಳು. ಯಾರೂ ಒಳಗೆ ಸೇರಿಸಲಿಲ್ಲ. ನೆರೆಮನೆಯವಳು ಮಕ್ಕಳನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿದಳು. ಊರಿಗೆ ಅವಳ ಹೆಸರೇ ಬೇಕಾಗಲಿಲ್ಲ. ಕಳ್ಳಿ ಎಂದರೆ ಸಾಕಾಗುತ್ತಿತ್ತು. ಆ ಮಕ್ಕಳು ಏನು ತಿಂದವೋ ನಾನು ಹೇಳಲಾರೆ.

ಇತ್ತ ವರ್ತಕ ಊರಿಗೆ ಬಂದ. ಅಂಗಡಿಯ ಜಗಲಿಯಲ್ಲಿ ಕುಳಿತು ಹೇಳಿದ್ದೇ ಹೇಳಿದ್ದು. ದ್ವೀಪವನ್ನೆಲ್ಲ ಸುತ್ತಿ ಬಂದೆ, ಒಂದು ಬಿಡಿಗಾಸು ವಟ್ಟ ಕೊಡಲಿಲ್ಲ. ಜನ ತಲೆದೂಗಿದರು. ಬುದ್ಧಿವಂತ ಎಂದರು. ನಮಗೂ ಹೇಳಿಕೊಡಿ ಎಂದು ದುಂಬಾಲು ಬಿದ್ದರು. ಹೆಂಡತಿ ಮಾತ್ರ ಒಂದು ದಿನ, ಆ ಹೆಂಗಸು ಬೆಳ್ಳಿಯನ್ನು ಬದಲಿಸಿಕೊಂಡಳೋ ಇಲ್ಲವೋ ಎಂದಳು. ಬದಲಿಸಿಕೊಂಡಿರುತ್ತಾಳೆ ಬಿಡು, ಅವರಿಗೆಲ್ಲ ದಾರಿ ಗೊತ್ತಿರುತ್ತದೆ ಎಂದ ವರ್ತಕ. ಎಂದು, ಊಟಕ್ಕೆ ಕುಳಿತ.

ಚಿನಿವಾರರ ಮೇಲೆ ನನಗೆ ಸಿಟ್ಟಿದೆ. ಆ ಕಾವಲುಗಾರನ ಮೇಲೂ, ಯಜಮಾನನ ಮೇಲೂ ಇದೆ. ಆದರೆ ಅವರೆಲ್ಲರಿಗಿಂತ ಹೆಚ್ಚಿನ ಸಿಟ್ಟು ಈ ವರ್ತಕನ ಮೇಲೆ. ತನಗೆ ಅನ್ಯಾಯವಾದಾಗ ಎಷ್ಟು ಚೆನ್ನಾಗಿ ಗುರುತು ಹಿಡಿದ ನೋಡು. ಒಂದು ತಾಮ್ರ ಎಲ್ಲಿ ಜಾರಿತೆಂದು ಕಂಡುಹಿಡಿದ. ಅದೇ ಕಣ್ಣಿಗೆ ಎದುರಿಗೆ ಕೈಯೊಡ್ಡಿ ನಿಂತವಳು ಕಾಣಲಿಲ್ಲ. ಇಂಥದ್ದನ್ನು ಜಾಣತನ ಎಂದು ಕಲಿಸುತ್ತಾರೆ, ಕಲಿಯುತ್ತಾರೆ. ನಾಚಿಕೆಯಾಗಬೇಕು ನಮಗೆ.

ಗುರುಗಳು ನಿಲ್ಲಿಸಿದರು. ಮುರಿಗೆಪ್ಪನೂ ಅಂಗಡಿಯವನೇ. ಒಳಗಿದ್ದದ್ದು ಬಾಯಿಗೆ ಬಂತು.

“ಆದರೂ ಗುರುಗಳೇ, ವರ್ತಕ ಅವಳಿಗೆ ಕೆಟ್ಟದ್ದು ಬಯಸಲಿಲ್ಲ. ಕೂಲಿಯನ್ನು ಪೂರ್ತಿ ಕೊಟ್ಟ. ಅವನು ಉಳಿಸಿದ್ದು ಎರಡೇ ಎರಡು ತಾಮ್ರ. ಅಷ್ಟಕ್ಕೆ ಇಷ್ಟು ದೊಡ್ಡ ಮಾತೇ?”

ಗುರುಗಳು ಅವನ ಕಡೆ ತಿರುಗಿ ಹೇಳಿದರು: “ಎರಡೇ ತಾಮ್ರ, ಅಷ್ಟನ್ನೂ ತನ್ನ ಚೀಲದಿಂದ ಕೊಡಲಾರದೆ, ಅವಳ ಬಾಳನ್ನೇ ವಟ್ಟವಾಗಿ ತೆತ್ತು ಬಂದ.”